ಶರಣಮ್ಮ ಹಾಕಿದ ಗಂಟು

‘ಯವ್ವಾ, ಇದಕ್ಕ ಗಾಳ ಕಟ್ಟಿಕೊಡ್ತೀಯೇನು? ನನಗ ಗಂಟು ಹಾಕಾಕ ಬರಂಗಿಲ್ಲ’ ಎಂದು ಆನ್‌ಲೈನ್‌ನಲ್ಲಿ ತರಿಸಿದ ಡಬ್ಬಿಯನ್ನು ಶರಣಮ್ಮನ ಮುಂದಿಟ್ಟೆ. ಕೋಲು, ದಾರ, ಗಾಳ ಎಲ್ಲವೂ ಅದರಲ್ಲೇ ಬಂದಿದ್ದವು. ಸುರಪುರದಲ್ಲಿ ಗಾಳ, ಬಲೆ ಮಾರುತ್ತಿದ್ದ ಅವರ ಪುಟ್ಟ ಅಂಗಡಿಯಲ್ಲಿಯೇ ನಾನು ವರ್ಷಗಟ್ಟಲೆ ಗಾಳ ಕೊಂಡವನು. ಪ್ರತಿ ಸಲವೂ ಅವರೇ ಕಟ್ಟಿಕೊಡುತ್ತಿದ್ದರು; ಹಾಗಾಗಿ ನಾನು ಕಲಿಯಲೇ ಇಲ್ಲ.

ಎಲ್ಲಿಂದ ತಂದೆ ಎಂದು ಅವರು ಕೇಳಲಿಲ್ಲ. ದಾರದ ತುದಿಯನ್ನು ಬಾಯಲ್ಲಿಟ್ಟು ಒದ್ದೆ ಮಾಡಿ, ಗಾಳಕ್ಕೆ ಸುತ್ತಿ, ಗಂಟು ಬಿಗಿದು, ಉಳಿದದ್ದನ್ನು ಹಲ್ಲಿನಿಂದ ಕಡಿದರು.

‘ಇನ್ನೊಮ್ಮೆ ಕಟ್ಟಿ ತೋರಸ್ತೀನಿ, ಸರಿಯಾಗಿ ನೋಡ್ಕೋ ಯಪ್ಪಾ. ಸೋಮವಾರದಿಂದ ಅಂಗಡಿ ಇರಂಗಿಲ್ಲ. ಗಂಟು ಹಾಕಿಸ್ಕೊಳ್ಳಾಕ ಎಲ್ಲಾರೂ ಬರ್ತಾರ, ಗಾಳ ತೊಗೊಳ್ಳಾಕ ಯಾರೂ ಬರಂಗಿಲ್ಲ.’

ಮತ್ತೊಂದು ಗಾಳಕ್ಕೆ ನಿಧಾನವಾಗಿ ಕಟ್ಟಿ ತೋರಿಸಿದರು. ನಾನು ಹೂಂಗುಟ್ಟಿದೆ, ಆದರೆ ನಾಚಿಕೆಯಿಂದ ಅವರ ಕೈಗಳತ್ತ ನೋಡಲಾಗದೆ, ಆ ಗಂಟನ್ನು ಆಗಲೂ ಕಲಿಯಲಿಲ್ಲ.

ಈಗ ಆ ಅಂಗಡಿಯಲ್ಲಿ ಮೊಬೈಲ್ ಕವರ್‌ಗಳು ತೂಗುತ್ತಿವೆ. ಶರಣಮ್ಮ ಯಾವ ಊರಿಗೆ ಹೋದರೋ ಯಾರಿಗೂ ಗೊತ್ತಿಲ್ಲ. ನನ್ನ ಹೊಸ ಕೋಲು ಇನ್ನೂ ಕೃಷ್ಣೆಯ ನೀರು ಕಂಡಿಲ್ಲ. ಮೀನು ಎಳೆದು ದಾರ ಹರಿದರೆ, ಮತ್ತೆ ಗಂಟು ಹಾಕಿಸಲು ನಾನು ಯಾರ ಮುಂದೆ ಹೋಗಿ ನಿಲ್ಲಲಿ?