ಗಾದಿ ಅಂಗಡಿಯಲ್ಲಿ ರೆಕಾರ್ಡಿಂಗ್

ನಮ್ಮ ಹಾಸ್ಯ ಪಾಡ್‌ಕ್ಯಾಸ್ಟ್‌ಗೆ ಸ್ವಂತ ಸ್ಟುಡಿಯೊ ಇಲ್ಲ. ಬಳ್ಳಾರಿ ಗಾಂಧಿನಗರದ ನನ್ನ ಮನೆಯಲ್ಲಿ ಹಾರ್ನ್ ಸದ್ದು ತಪ್ಪುವುದಿಲ್ಲ. ಹಾಗಾಗಿ ಕುರುಗೋಡಿನ ಮಸ್ತಾನ್ ಸಾಬರ ಗಾದಿ ಅಂಗಡಿಯ ಹಿಂದಿನ ಕೋಣೆಯನ್ನು ಕೇಳಿದೆ. ಸುತ್ತಲೂ ಹತ್ತಿಮೂಟೆ ಇರುವುದರಿಂದ ಅಲ್ಲಿ ಹೊರಗಿನ ಗದ್ದಲ ಕೇಳುವುದಿಲ್ಲ.

“ಬರ್ರಿ, ಆದ್ರ ನಾನೂ ಕುಂತು ಕೇಳ್ತೀನಿ” ಎಂದರು ಸಾಬರು.

ನನಗೂ ಅದೇ ಬೇಕಿತ್ತು. ಹೊರಗಿನವರು ಒಬ್ಬರಾದರೂ ನಗದಿದ್ದರೆ ಯಾವ ಪ್ರಹಸನವನ್ನೂ ನಾನು ಹೊರಗೆ ಬಿಡುವುದಿಲ್ಲ. ರೆಕಾರ್ಡಿಂಗ್ ಮುಗಿಯುವ ತನಕ ಸದ್ದು ಮಾಡಕೂಡದು ಎಂದು ಮಾತ್ರ ಖಡಾಖಂಡಿತವಾಗಿ ಹೇಳಿದೆ.

ಸಿರುಗುಪ್ಪದಿಂದ ಬಂದ ಗಂಗಮ್ಮನವರಿಗೆ ಇದು ಮೊದಲ ಪಾತ್ರ. ಬಸ್ಸಿನ ಕಿಟಕಿಯಿಂದ ಕೈಚೀಲ ತೂರಿ ಸೀಟು ಹಿಡಿಯುವ ಮುದುಕಿಯಾಗಿ, ಕಂಡಕ್ಟರಾದ ನನ್ನ ಜೊತೆ ಜಗಳಕ್ಕಿಳಿದರು. ನಡುವೆ ಸಾಬರು ಬಿಡಿ ಹತ್ತಿಯ ರಾಶಿಯಲ್ಲಿ ಮುಖ ಹುದುಗಿಸಿ ಬೋರಲು ಮಲಗಿಬಿಟ್ಟರು. ನಿದ್ದೆ ಹತ್ತಿತೆಂದುಕೊಂಡೆ.

ಮುಗಿದ ಮೇಲೆ ಮೈಕ್ ಬಂದ್ ಮಾಡಿ, “ಇದನ್ನು ಅಳಿಸಿಬಿಡೋಣ” ಎಂದೆ. ಗಂಗಮ್ಮನವರ ಮುಖ ಇಳಿಯಿತು.

ಸಾಬರು ಮೆಲ್ಲಗೆ ತಲೆಯೆತ್ತಿದರು. ಗಡ್ಡದ ತುಂಬ ಹತ್ತಿ, ಕಣ್ಣ ತುಂಬ ನೀರು.

“ಈಗ ನಕ್ಕರ ನಡೀತೈತೇನ್ರಿ ಸಾರ್?”

ನಾನು ಹೂಂ ಎಂದದ್ದೇ ತಡ, ಅವರು ನಕ್ಕ ನಗುವಿಗೆ ಅಂಗಡಿಯ ಗಿರಾಕಿಗಳೂ ಒಳಗೆ ಬಂದು ಇಣುಕಿದರು.

“ಇನ್ನೂ ಅಳಸ್ತೀರೇನ್ರಿ?” ಎಂದರು ಗಂಗಮ್ಮ.

ಅಳಿಸಲಿಲ್ಲ. ಆದರೆ ನಮ್ಮ ಹಾಸ್ಯಕ್ಕೆ ಈವರೆಗೆ ಸಿಕ್ಕ ಅತಿ ದೊಡ್ಡ ನಗು ಮಾತ್ರ, ನನ್ನ ಶಿಸ್ತಿನ ದೆಸೆಯಿಂದ, ರೆಕಾರ್ಡ್ ಆಗಲಿಲ್ಲ.