ದಿಂಬಿನ ಮೇಲೆ ಕಲಿತ ತಾಳ

ಬಯಲು ವೇದಿಕೆಯಲ್ಲಿ ತಮ್ಮ ಬ್ಯಾಂಡಿನ ಸರದಿ ಕೂಗಿದಾಗ ಡ್ರಮ್ ಬಾರಿಸುವವಳು ಚೀಲಕ್ಕೆ ಕೈ ಹಾಕಿ ತಡಕಿದಳು. ಗಂಡನ ಗಿಟಾರಿನ ತಂತಿ, ಮಗುವಿನ ಹಾಲು, ಗಾಯಕನ ಬಿಸಿನೀರು ಎಲ್ಲವನ್ನೂ ನೆನಪಿಟ್ಟು ತಂದವಳು ತನ್ನ ಡ್ರಮ್ ಕೋಲುಗಳನ್ನೇ ಮರೆತಿದ್ದಳು.

"ಹೋಗ್ಲಿ ಬಿಡೇ," ಎಂದ ಗಂಡ. "ಈಗಷ್ಟೇ ವೇದಿಕೆ ಇಳಿದ ಬ್ಯಾಂಡಿನ ಡ್ರಮ್ಮಿನವನು ನಿನ್ನ ಬದಲು ಬಾರಿಸ್ತಾನಂತೆ. ನೀನು ಮಗು ನೋಡ್ಕೋ."

ಮಗು ಏಳಬಾರದೆಂದು ವರ್ಷವಿಡೀ ದಿಂಬಿನ ಮೇಲೆ ಬಾರಿಸಿ ಕಲಿತಿದ್ದಳು. ಊರೆದುರು ಬಾರಿಸುವುದು ಇದೇ ಮೊದಲು. ಜನ ಆಗಲೇ ಶಿಳ್ಳೆ ಹಾಕುತ್ತಿದ್ದರು.

ಅವಳು ಆ ಡ್ರಮ್ಮಿನವನ ಬಳಿ ಹೋದಳು. "ಅಣ್ಣಾ, ಕೋಲು ಮಾತ್ರ ಕೊಡಿ. ಕೈ ನಂದೇ ಇದೆ."

ಮಗುವನ್ನು ಗಂಡನ ತೋಳಿಗೆ ದಾಟಿಸಿದಳು.

"ಲೇ, ನನ್ನ ಗಿಟಾರು?"

"ಒಂದು ಹಾಡು ಅದಿಲ್ದೇನೂ ನಡೆಯುತ್ತೆ ರೀ."

ಮೊದಲ ಪೆಟ್ಟಿಗೇ ಮಗು ಬೆಚ್ಚಿ ಅತ್ತಿತು. ಅವಳ ತಾಳ ತಪ್ಪಲಿಲ್ಲ.