ಸಾರಸ ನೋಡಲು ತೊಟ್ಟ ಚೆಂಡುಹೂವಿನ ಹಾರ

ಲಿಸ್ಲ್ ಊರಿನ ನನ್ನ ಅಪಾರ್ಟ್‌ಮೆಂಟಿನಲ್ಲಿ ಆ ಬೇಸಿಗೆಯಿಡೀ ನಾನು ಮಾಡಿದ ಮುಖ್ಯ ಕೆಲಸವೆಂದರೆ ಟೆಂಟ್ ಆರಿಸುವುದು. ಆಫೀಸಿನಿಂದ ಬಂದು, ಅನ್ನಕ್ಕಿಟ್ಟು, ಕುಕ್ಕರ್ ಕೂಗುವ ತನಕ ರಿವ್ಯೂ ಓದುತ್ತಿದ್ದೆ. ಹೊಲಿಗೆಯಲ್ಲಿ ನೀರು ಸೋರುತ್ತದೆಯೇ, ಜಿಪ್ಪು ಬಟ್ಟೆಯನ್ನು ಕಚ್ಚಿಕೊಳ್ಳುತ್ತದೆಯೇ, ಎಲ್ಲವೂ ಗೊತ್ತಾಗಬೇಕಿತ್ತು. ಸ್ಟೀಲ್ ಚಮಚ, ಟೈಟೇನಿಯಂ ಚಮಚ ಎರಡನ್ನೂ ರವೆ ತೂಗುವ ತಕ್ಕಡಿಯಲ್ಲೇ ತೂಗಿ ನೋಡಿದೆ. ಬಣ್ಣದ ವಿಷಯದಲ್ಲಿ ಮಾತ್ರ ಯೋಚಿಸಬೇಕಾಗಿರಲಿಲ್ಲ. ಎದ್ದು ಕಾಣುವುದು ನನಗೆ ಆಗದು. ಟೆಂಟ್ ಪಾಚಿ ಹಸಿರು, ಜಾಕೆಟ್‌ಗಳು ಮರದ ತೊಗಟೆಯ ಕಂದು. ಅಕ್ಕನಿಗೂ ಅದೇ ಕಂದು.

"ಗಂಡು ನೋಡೋರೂ ಇಷ್ಟು ವಿಚಾರಿಸಲ್ಲ ಕಣೇ," ಅಂದಳು ಅಕ್ಕ ಫೋನಿನಲ್ಲಿ. "ಟೆಂಟಿನ ಗೋತ್ರಾನೂ ಕೇಳಿಬಿಡು."

ಅಕ್ಕ ಡಾಕ್ಟರು. ಮಿಶಿಗನ್ನಿನ ಫಾರ್ಮಿಂಗ್ಟನ್ ಹಿಲ್ಸ್‌ನಲ್ಲಿ ಮನೆ, ಆಸ್ಪತ್ರೆಯಲ್ಲಿ ಹೆಚ್ಚಾಗಿ ನೈಟ್ ಡ್ಯೂಟಿ. "ಬೆಳಗು ಅಂದ್ರೆ ನನಗೆ ಆಸ್ಪತ್ರೆ ಪಾರ್ಕಿಂಗ್ ಲಾಟ್," ಎಂದು ಒಮ್ಮೆ ಹೇಳಿದ್ದಳು. ಅಲ್ಲಿನ ಜೌಗು ನೆಲಗಳಲ್ಲಿ ಸಾರಸಗಳು ಗುಂಪಾಗಿ ಇಳಿಯುತ್ತವೆ, ಸೂರ್ಯ ಹುಟ್ಟುವಾಗ ಒಟ್ಟಿಗೆ ಏಳುತ್ತವೆ, ಅದನ್ನೊಂದು ಸಲ ನೋಡಬೇಕು ಎಂದು ಅವಳು ಎಷ್ಟೋ ಕಾಲದಿಂದ ಹೇಳುತ್ತಲೇ ಇದ್ದಳು. ಕೊನೆಗೆ ನವೆಂಬರಿನಲ್ಲಿ ಒಂದು ವೀಕೆಂಡ್ ರಜೆ ಸಿಕ್ಕಿತು. ಚಳಿ ಬಲಿಯುತ್ತಿತ್ತು. ಇನ್ನು ಕೆಲವೇ ದಿನಗಳಲ್ಲಿ ಹಕ್ಕಿಗಳು ದಕ್ಷಿಣಕ್ಕೆ ಹೊರಡುತ್ತವೆ. ಈ ಸಲ ತಪ್ಪಿದರೆ ಮತ್ತೆ ಮುಂದಿನ ವರ್ಷವೇ, ಅದೂ ಡ್ಯೂಟಿ ಬಿಟ್ಟರೆ.

ನಾನು ಲಿಸ್ಲ್‌ನಿಂದ, ಅವಳು ತನ್ನ ಮನೆಯಿಂದ ಡ್ರೈವ್ ಮಾಡಿಕೊಂಡು ಬಂದು ಸ್ಟೇಟ್ ಪಾರ್ಕಿನಲ್ಲಿ ಸೇರಿದೆವು. ಹೊದಿಕೆ ತೆಗೆಯಲು ಅವಳ ಕಾರಿನ ಡಿಕ್ಕಿ ಎತ್ತಿದರೆ ತುಂಬಾ ಪ್ಲಾಸ್ಟಿಕ್ ಚೆಂಡುಹೂವಿನ ಹಾರಗಳು.

"ಇದೇನೇ ಅಕ್ಕ, ಡಿಕ್ಕಿನೋ ಮದುವೆ ಮಂಟಪಾನೋ?"

"ಕನ್ನಡ ಕೂಟದ ದೀಪಾವಳಿ ಸ್ಟೇಜಿಂದು. ವಾಪಸ್ ಕೊಡೋಕೆ ಟೈಮೆಲ್ಲಿದೆ? ಮುಚ್ಚು, ಮುಚ್ಚು."

ಟೆಂಟ್ ಸೋರಲಿಲ್ಲ, ಜಿಪ್ಪು ಕಚ್ಚಲಿಲ್ಲ. ಮರುದಿನ ಮೋಡದಂಚು ಬೆಳ್ಳಗಾಗುವ ಮುಂಚೆಯೇ ನನ್ನ ಪುಟ್ಟ ಸ್ಟೋವ್ ಕಾಫಿಗೆ ನೀರು ಕುದಿಸಿಕೊಟ್ಟಿತು. ಖುಷಿಯಲ್ಲಿ ನಾನು ಅದಕ್ಕೆ ಥ್ಯಾಂಕ್ಸ್ ಹೇಳಿಬಿಟ್ಟೆ. ಅಕ್ಕ ಎರಡೂ ಕೈಯಲ್ಲಿ ಲೋಟ ಹಿಡಿದು, "ನೀನು ಓದಿದ್ದು ಸಾರ್ಥಕ," ಅಂದಳು.

ಹೊರಡುವಾಗ ಪಕ್ಕದ ಕ್ಯಾಂಪ್ ಸೈಟಿನಿಂದ ಒಬ್ಬ ಹಿರಿಯರು ಟಾರ್ಚ್ ಹಿಡಿದು ಬಂದರು. ತಲೆಗೆ ಉರಿಯುವ ಕಿತ್ತಳೆ ಬಣ್ಣದ ಟೋಪಿ, ಮೈಮೇಲೆ ಅದೇ ಬಣ್ಣದ ವೆಸ್ಟ್, ಭುಜದಲ್ಲಿ ಬಂದೂಕಿನ ಚೀಲ.

"ಈ ಬಟ್ಟೆಯಲ್ಲಿ ಕಾಡಿಗೆ ಹೋಗ್ತೀರಾ? ಇವತ್ತು ಜಿಂಕೆ ಬೇಟೆಯ ಮೊದಲ ದಿನ. ಕಿತ್ತಳೆ ಬಣ್ಣ ಇಲ್ಲದೆ ನಾನಂತೂ ಆ ದಾರಿಯಲ್ಲಿ ಕಾಲಿಡಲ್ಲ. ದೂರದಿಂದ ನೀವಿಬ್ಬರೂ ಎರಡು ಜಿಂಕೆ."

ಜಿಪ್ಪಿನ ಹಲ್ಲುಗಳ ಬಗ್ಗೆಯೂ ಓದಿದ್ದ ನಾನು ಇದನ್ನು ಓದಿರಲಿಲ್ಲ. ಅವರ ಹತ್ತಿರ ಇನ್ನೊಂದು ವೆಸ್ಟ್ ಇರಲಿಲ್ಲ. ಅಂಗಡಿ ಬಾಗಿಲು ತೆಗೆಯುವ ಹೊತ್ತಿಗೆ ಸಾರಸಗಳು ಎದ್ದು ಹೋಗಿರುತ್ತವೆ.

"ಇರಲಿ ಬಿಡು," ಅಂದಳು ಅಕ್ಕ, ಬಹಳ ಮೆತ್ತಗೆ. ಏನಾದರೂ ತುಂಬಾ ಬೇಕಿದ್ದು ಸಿಗದೇ ಹೋದಾಗ ಅವಳು ಹೀಗೇ ಹೇಳುವುದು. ಚಿಕ್ಕಂದಿನಿಂದ ನನಗೆ ಗೊತ್ತು.

"ಡಿಕ್ಕಿ ತೆಗಿ," ಅಂದೆ.

"ಯಾಕೆ?"

"ತೆಗಿಯೇ ಅಕ್ಕ!"

ಕೊರಳಿಗೆ ಎರಡು ಕಿತ್ತಳೆ ಹಾರ, ಜನಿವಾರದ ಹಾಗೆ ಅಡ್ಡ ಒಂದು, ತಲೆಗೆ ಪೇಟದಂತೆ ಒಂದು, ಸೊಂಟಕ್ಕೆ ಇನ್ನೊಂದು. ಅಕ್ಕನಿಗೂ ಸುತ್ತಿದೆ. ಬೇಸಿಗೆಯಿಡೀ ಕೂತು ಆರಿಸಿದ ಕಂದು ಜಾಕೆಟ್ ಎಲ್ಲಿಯೂ ಕಾಣಿಸಲಿಲ್ಲ. ಹಿರಿಯರು ನಮ್ಮ ಸುತ್ತ ಒಂದು ಸುತ್ತು ಬಂದು, ಬೆನ್ನ ಮೇಲೂ ಟಾರ್ಚ್ ಬಿಟ್ಟು ನೋಡಿದರು.

"ನಿಮ್ಮನ್ನು ಜಿಂಕೆ ಅಂದುಕೊಳ್ಳೋನಿಗೆ ಬಂದೂಕೇ ಕೊಡಬಾರದು," ಎಂದರು. ಆಮೇಲೆ ಸ್ವಲ್ಪ ಸಂಕೋಚದಿಂದ, "ಇನ್ನೊಂದು ಇದೆಯಾ?" ಅಕ್ಕ ಅವರ ಕೊರಳಿಗೇ ಹಾಕಿದಳು. ಅವರು ಮುಖ್ಯ ಅತಿಥಿಯಂತೆ ತಲೆಬಾಗಿ ಹಾಕಿಸಿಕೊಂಡರು.

ದಾರಿಯುದ್ದಕ್ಕೂ ಪ್ಲಾಸ್ಟಿಕ್ ಹೂವು ಪರಪರ ಅನ್ನುತ್ತಿತ್ತು.

"ಮದುಮಗಳೇ, ನಿಧಾನ," ಅಂದೆ.

"ಮುಹೂರ್ತ ಮೀರುತ್ತೆ, ನಡಿಯೇ!"

"ವರ ಎಲ್ಲಿ?"

"ಮರದ ಮೇಲೆ, ಬಂದೂಕು ಹಿಡ್ಕೊಂಡು!"

ನಗು ತಡೆಯಲಾಗದೆ ನಾನು ಒಂದು ಓಕ್ ಮರವನ್ನು ತಬ್ಬಿಕೊಂಡು ನಿಂತೆ. ನಾನು ಹಾಗೆಲ್ಲ ನಗುವವಳಲ್ಲ.

ಜೌಗಿನ ಅಂಚಿಗೆ ಬಂದಾಗ ಮಾತ್ರ ಹೆದರಿಕೆಯಾಯಿತು. ಈ ಬಣ್ಣ ನೋಡಿ ಹಕ್ಕಿಗಳು ನಾವು ಕೂರುವ ಮುಂಚೆಯೇ ಹಾರಿಬಿಟ್ಟರೆ? ಒಣಹುಲ್ಲಿನಲ್ಲಿ ಕುಕ್ಕರಗಾಲಲ್ಲಿ ಕೂತೆವು. ಮಂಜಿನೊಳಗೆ ಬೂದು ಬಣ್ಣದ ಉದ್ದ ಕೊರಳುಗಳು, ನೆತ್ತಿಗಳ ಮೇಲೆ ಕೆಂಪು. ಒಂದು ಸಾರಸ ನಮ್ಮತ್ತ ತಿರುಗಿ ನೋಡಿತು, ನೋಡಿ ಗರಿ ಕೆದಕಿಕೊಳ್ಳತೊಡಗಿತು. ಬಿಸಿಲು ಬಿತ್ತು. ಒಂದು ಕೂಗಿತು, ಆಮೇಲೆ ಎಲ್ಲವೂ ಕೂಗಿದವು, ನೀರೇ ಎದ್ದುಬಂದ ಹಾಗೆ ಗುಂಪಿಗೆ ಗುಂಪೇ ಮೇಲೆದ್ದು ನಮ್ಮ ತಲೆಯ ಮೇಲೆಯೇ ಹಾದುಹೋಯಿತು. ಅಕ್ಕ ಎದ್ದು ನಿಂತು, ಎರಡೂ ಕೈ ಎತ್ತಿ, "ಹೋಗಿ ಬನ್ನಿ!" ಎಂದು ಜೋರಾಗಿ ಕೂಗಿದಳು. ಸದ್ದು ಮಾಡಬಾರದು ಎಂದು ನಾನೇ ಅವಳಿಗೆ ಹೇಳಿಕೊಟ್ಟಿದ್ದೆ. ನಾನೂ ಕೂಗಿದೆ.

ಲಿಸ್ಲ್‌ಗೆ ವಾಪಸು ಬರುವಾಗ ಹೆದ್ದಾರಿಯ ಒಂದು ಎಕ್ಸಿಟ್‌ನಲ್ಲಿ ಪೆಟ್ರೋಲ್ ತುಂಬಿಸಿ, ನೀರು ಕೊಳ್ಳಲು ಬಂಕಿನ ಅಂಗಡಿಯೊಳಗೆ ಹೋದೆ. ಕೌಂಟರಿನ ಹುಡುಗಿ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಏನು ವಿಶೇಷ ಇವತ್ತು?" ಎಂದಳು. ಹಾರಗಳು ಇನ್ನೂ ಮೈಮೇಲಿರುವುದು ಆಗಲೇ ನನಗೆ ನೆನಪಾದದ್ದು.

"ನಮ್ಮಕ್ಕ ಸಾರಸ ನೋಡಿದಳು," ಅಂದೆ. ಹಾರ ತೆಗೆಯದೆಯೇ ಕಾರಿಗೆ ನಡೆದೆ.